ಪೋಲಿಯೊ ಗೆದ್ದ ಸೀಮೆಸುಣ್ಣದ ಗುರುತು

ಪಲ್ಸ್ ಪೋಲಿಯೊ ಭಾನುವಾರ ಕಳೆದ ಒಂದೆರಡು ದಿನಗಳಲ್ಲಿ ಯಾವ ಊರಿನ ಯಾವ ಬೀದಿಗೆ ಹೋದರೂ ಮನೆ ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗುರುತು ಕಾಣುತ್ತದೆ. ಹೆಚ್ಚಿನ ಮನೆಗಳ ಮೇಲೆ ಇಂಗ್ಲಿಷಿನ ‘ಪಿ’ ಅಕ್ಷರ. ಅಲ್ಲೊಂದು ಇಲ್ಲೊಂದು ಮನೆಯ ಮೇಲೆ ‘ಎಕ್ಸ್’. ಜೊತೆಗೆ ಮನೆಯ ಸಂಖ್ಯೆ ಮತ್ತು ತಾರೀಖು. ಮಳೆ ಬಂದು ತೊಳೆಯುವವರೆಗೆ, ಇಲ್ಲವೇ ಹಬ್ಬಕ್ಕೆ ಸುಣ್ಣ ಬಳಿಯುವವರೆಗೆ ಅದು ಅಲ್ಲಿಯೇ ಇರುತ್ತದೆ. ಯಾರೂ ಅದರತ್ತ ಹೆಚ್ಚು ಗಮನ ಕೊಡುವುದಿಲ್ಲ.

ಆದರೆ ಸ್ವತಂತ್ರ ಭಾರತ ಮಕ್ಕಳ ಆರೋಗ್ಯಕ್ಕಾಗಿ ಕೈಗೊಂಡ ಅತಿ ದೊಡ್ಡ ಸಾಮೂಹಿಕ ಕೆಲಸದ ಗುಟ್ಟೆಲ್ಲ ಈ ಎರಡು ಅಕ್ಷರಗಳಲ್ಲಿದೆ. ‘ಪಿ’ ಎಂದರೆ ಆ ಮನೆಯಲ್ಲಿರುವ ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹನಿ ಬಿದ್ದಿದೆ ಎಂದು ಅರ್ಥ. ‘ಎಕ್ಸ್’ ಎಂದರೆ ಒಂದಾದರೂ ಮಗು ಬಿಟ್ಟುಹೋಗಿದೆ ಎಂದು ಅರ್ಥ. ಮನೆಗೆ ಬೀಗ ಹಾಕಿರಬಹುದು, ಮಗು ಅಜ್ಜಿಯ ಊರಿಗೆ ಹೋಗಿರಬಹುದು, ಜ್ವರ ಬಂದು ಮಲಗಿರಬಹುದು, ಇಲ್ಲವೇ ಮನೆಯವರು ‘ಬೇಡ’ ಎಂದಿರಬಹುದು. ಕಾರಣ ಏನೇ ಇರಲಿ, ಆ ಮನೆಗೆ ಮತ್ತೆ ಹೋಗಲೇಬೇಕು.

ಎಷ್ಟು ಮಕ್ಕಳಿಗೆ ಹನಿ ಹಾಕಿದೆವು ಎಂಬ ಲೆಕ್ಕ ಎಲ್ಲ ಸರ್ಕಾರಿ ಕಾರ್ಯಕ್ರಮಗಳಲ್ಲೂ ಇರುತ್ತದೆ. ಯಾವ ಮಗು ಬಿಟ್ಟುಹೋಯಿತು ಎಂದು ಮನೆ ಮನೆಯಲ್ಲಿ ಕೇಳಿ, ಗೋಡೆಯ ಮೇಲೆ ಬರೆದಿಟ್ಟು, ಹುಡುಕಿಕೊಂಡು ಹೋದ ಕಾರ್ಯಕ್ರಮಗಳು ಅಪರೂಪ. ಪೋಲಿಯೊ ಈ ದೇಶದಿಂದ ಹೊರನಡೆದದ್ದು ಈ ಎರಡನೆಯ ಲೆಕ್ಕದಿಂದ.

ಒಬ್ಬರ ಹಿಂದೆ ಇನ್ನೂರು

ನಡುವಯಸ್ಸು ದಾಟಿದ ಯಾರನ್ನು ಕೇಳಿದರೂ ತಮ್ಮ ಶಾಲೆಯಲ್ಲಿ ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ಬರುತ್ತಿದ್ದ, ಇಲ್ಲವೇ ಮೊಣಕಾಲನ್ನು ಕೈಯಿಂದ ಒತ್ತಿಕೊಂಡು ನಡೆಯುತ್ತಿದ್ದ ಒಬ್ಬ ಸಹಪಾಠಿಯ ನೆನಪು ಹೇಳುತ್ತಾರೆ. ಇಂದಿನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಆ ದೃಶ್ಯ ಗೊತ್ತಿಲ್ಲ. ಒಂದು ತಲೆಮಾರಿನ ಅಂತರದಲ್ಲಿ ಆದ ಬದಲಾವಣೆ ಇದು.

ಪೋಲಿಯೊ ವೈರಸ್ ಬಾಯಿಯ ಮೂಲಕ ಒಳಹೊಕ್ಕು ಕರುಳಿನಲ್ಲಿ ಬೆಳೆಯುತ್ತದೆ. ಮಲದ ಮೂಲಕ ಹೊರಬಂದು ಕೊಳಕು ನೀರು, ತೊಳೆಯದ ಕೈಗಳ ಮೂಲಕ ಮತ್ತೊಂದು ಮಗುವಿನ ಬಾಯಿ ಸೇರುತ್ತದೆ. ಸೋಂಕು ತಗುಲಿದ ಮಕ್ಕಳಲ್ಲಿ ಬಹುಪಾಲಿಗೆ ಏನೂ ಆಗುವುದಿಲ್ಲ, ಅಥವಾ ಸಣ್ಣ ಜ್ವರ ಬಂದು ಹೋಗುತ್ತದೆ. ಸರಿಸುಮಾರು 200 ಸೋಂಕಿಗೆ ಒಂದರಂತೆ ಮಾತ್ರ ವೈರಸ್ ನರಮಂಡಲಕ್ಕೆ ದಾಳಿಯಿಟ್ಟು ಕೈಕಾಲುಗಳ ಬಲ ಕಸಿಯುತ್ತದೆ. ಹೀಗೆ ಹೋದ ಬಲವನ್ನು ಮರಳಿ ತರುವ ಔಷಧ ಇಲ್ಲ. ಪಾರ್ಶ್ವವಾಯು ಹೊಡೆದ ಮಕ್ಕಳಲ್ಲಿ ನೂರಕ್ಕೆ 5ರಿಂದ 10 ಮಂದಿ ಉಸಿರಾಟದ ಸ್ನಾಯುಗಳು ನಿಷ್ಕ್ರಿಯವಾಗಿ ಸಾಯುತ್ತಾರೆ.

ಈ ಲೆಕ್ಕವೇ ಪೋಲಿಯೊ ವಿರುದ್ಧದ ಹೋರಾಟವನ್ನು ಕಷ್ಟದ ಕೆಲಸವನ್ನಾಗಿ ಮಾಡಿತು. ಸಿಡುಬು ಬಂದರೆ ಮೈಮೇಲೆ ಗುಳ್ಳೆ ಏಳುತ್ತದೆ. ರೋಗಿ ಯಾರು ಎಂಬುದು ನೋಡಿದೊಡನೆ ತಿಳಿಯುತ್ತದೆ. ಆ ರೋಗಿಯ ಸುತ್ತಲಿನವರಿಗೆ ಲಸಿಕೆ ಹಾಕಿ ರೋಗವನ್ನು ಸುತ್ತುಗಟ್ಟಬಹುದು. ಸಿಡುಬನ್ನು ಭಾರತ ಗೆದ್ದದ್ದು ಹಾಗೆಯೇ. ಇಲ್ಲಿನ ಕೊನೆಯ ಪ್ರಕರಣ 1975ರದು. ಪೋಲಿಯೊದಲ್ಲಿ ಆ ಸೌಕರ್ಯ ಇಲ್ಲ. ಒಂದು ಮಗು ಕುಂಟಲು ತೊಡಗುವ ಹೊತ್ತಿಗೆ ಅದರ ಹಿಂದೆ ಇನ್ನೂರು ಮಕ್ಕಳು ಯಾರಿಗೂ ಗೊತ್ತಿಲ್ಲದಂತೆ ವೈರಸ್ಸನ್ನು ಹೊತ್ತು ಆಡುತ್ತಿರುತ್ತಾರೆ. ಆದ್ದರಿಂದ ರೋಗಿಯನ್ನು ಹುಡುಕಿ ಸುತ್ತುಗಟ್ಟುವ ದಾರಿ ಇಲ್ಲಿ ನಡೆಯದು. ಎಲ್ಲ ಮಕ್ಕಳನ್ನೂ ತಲುಪುವುದೊಂದೇ ದಾರಿ.

ವೈರಸ್ಸಿಗೂ ಒಂದು ದೌರ್ಬಲ್ಯ ಇದೆ. ಅದಕ್ಕೆ ಮನುಷ್ಯನನ್ನು ಬಿಟ್ಟರೆ ಬೇರೆ ಮನೆ ಇಲ್ಲ. ಕೆರೆಕಟ್ಟೆ ಚರಂಡಿಗಳಲ್ಲಿ ಕೆಲಕಾಲ ಬದುಕಬಲ್ಲದಾದರೂ ಅಲ್ಲಿ ಬೆಳೆಯಲಾರದು. ಎಲ್ಲ ಎಳೆಯ ಮಕ್ಕಳ ಕರುಳಿನ ಬಾಗಿಲುಗಳೂ ಒಟ್ಟಿಗೆ ಮುಚ್ಚಿದರೆ ಅದು ಎಲ್ಲಿಗೂ ಹೋಗಲಾರದೆ ಅಳಿಯಬೇಕು.

ವೆಲ್ಲೂರಿನ ಪಾಠ

ಪೋಲಿಯೊ ತಡೆಯಲು ಎರಡು ಲಸಿಕೆಗಳಿವೆ. ಅಮೆರಿಕದ ಜೋನಾಸ್ ಸಾಲ್ಕ್ ರೂಪಿಸಿದ, ಚುಚ್ಚುಮದ್ದಿನ ಮೂಲಕ ಕೊಡುವ ಲಸಿಕೆ 1955ರಲ್ಲಿ ಬಳಕೆಗೆ ಬಂತು. ಆಲ್ಬರ್ಟ್ ಸೇಬಿನ್ ರೂಪಿಸಿದ ಬಾಯಿಯ ಹನಿ 1960ರ ದಶಕದ ಆರಂಭದಲ್ಲಿ ಬಂತು. ಸಾಲ್ಕ್ ಲಸಿಕೆಯಲ್ಲಿ ಸತ್ತ ವೈರಸ್ ಇದ್ದರೆ ಸೇಬಿನ್ ಹನಿಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಹನಿಗೆ ಬೆಲೆ ಕಡಿಮೆ, ಹಾಕಲು ಸೂಜಿ ಬೇಡ, ಡಾಕ್ಟರೂ ಬೇಡ. ಅದು ಕರುಳಿನಲ್ಲಿಯೇ ಕೆಲಸ ಮಾಡಿ ವೈರಸ್ ಹರಡುವುದನ್ನೂ ತಡೆಯುತ್ತದೆ.

ಭಾರತ 1978ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿತು. 1985ರಲ್ಲಿ ಅದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಗಿ ಬೆಳೆಯಿತು. ಅದರಲ್ಲಿ ಪೋಲಿಯೊ ಹನಿಯೂ ಇತ್ತು. ಆದರೂ ರೋಗ ಬಗ್ಗಲಿಲ್ಲ. ಹನಿ ತಲುಪದ ಮಕ್ಕಳು ಅನೇಕರಿದ್ದರು ಎಂಬುದು ಒಂದು ಕಾರಣ. ಮೂರು ಬಾರಿ ಹನಿ ಹಾಕಿಸಿಕೊಂಡ ಮಕ್ಕಳಿಗೂ ರೋಗ ಬರುತ್ತಿದ್ದುದು ವೈದ್ಯರನ್ನು ಚಿಂತೆಗೀಡುಮಾಡಿದ ಇನ್ನೊಂದು ಸಂಗತಿ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈರಾಣು ತಜ್ಞ ಡಾ. ಟಿ. ಜೇಕಬ್ ಜಾನ್ ಪ್ರಮುಖರು. ಪಶ್ಚಿಮದ ದೇಶಗಳಲ್ಲಿ ಮೂರು ಬಾರಿಯ ಹನಿ ಬಹುತೇಕ ಎಲ್ಲ ಮಕ್ಕಳಿಗೂ ರಕ್ಷಣೆ ಕೊಡುತ್ತದೆ, ನಮ್ಮ ಮಕ್ಕಳಿಗೆ ಅಷ್ಟು ಸಾಲದು ಎಂಬುದನ್ನು ಅವರು ತೋರಿಸಿಕೊಟ್ಟರು. ಮತ್ತೆ ಮತ್ತೆ ಭೇದಿ, ಕರುಳಿನಲ್ಲಿ ಮನೆಮಾಡಿರುವ ಬೇರೆ ವೈರಸ್‌ಗಳ ಪೈಪೋಟಿ ಇತ್ಯಾದಿ ಕಾರಣಗಳಿಂದ ಲಸಿಕೆಯ ವೈರಸ್ಸಿಗೆ ನೆಲೆ ಸಿಗುವುದು ಕಷ್ಟವಾಗುತ್ತದೆ. ಹಾಗಾಗಿ ಹೆಚ್ಚು ಬಾರಿ ಹಾಕಬೇಕು. ಒಬ್ಬೊಬ್ಬ ಮಗುವಿಗೆ ಒಂದೊಂದು ದಿನ ಹಾಕುವ ಬದಲು ಒಂದು ಊರಿನ ಎಲ್ಲ ಮಕ್ಕಳಿಗೂ ಏಕಕಾಲಕ್ಕೆ, ನಿಗದಿತ ಅಂತರದಲ್ಲಿ ಹಾಕಬೇಕು. ‘ಪಲ್ಸ್’ ಎಂಬ ಹೆಸರು ಬಂದದ್ದು ಇದರಿಂದ. ನಾಡಿ ಮಿಡಿದಂತೆ, ಬಿಟ್ಟು ಬಿಟ್ಟು, ಪ್ರತಿಸಲವೂ ಇಡೀ ಊರಿಗೆ ಒಮ್ಮೆಲೇ. ವೆಲ್ಲೂರಿನಲ್ಲಿ ಈ ಕ್ರಮವನ್ನು ಪ್ರಯೋಗಿಸಿ ಫಲ ಕಂಡದ್ದೂ ಆಯಿತು.

ಒಂದೇ ದಿನ, ಇಡೀ ದೇಶ

1988ರಲ್ಲಿ ವಿಶ್ವ ಆರೋಗ್ಯ ಸಭೆ 2000ದ ಹೊತ್ತಿಗೆ ಜಗತ್ತಿನಿಂದ ಪೋಲಿಯೊವನ್ನು ಅಳಿಸುವ ನಿರ್ಣಯ ಕೈಗೊಂಡಿತು. ಆಗ 125ಕ್ಕೂ ಹೆಚ್ಚು ದೇಶಗಳಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳು ಈ ರೋಗದಿಂದ ಅಂಗವಿಕಲರಾಗುತ್ತಿದ್ದರು ಎಂದು ಅಂದಾಜು. ಭಾರತದಲ್ಲಿ ಮೊದಲ ದೊಡ್ಡ ಪ್ರಯೋಗ ನಡೆದದ್ದು ದೆಹಲಿಯಲ್ಲಿ, 1994ರ ಗಾಂಧಿ ಜಯಂತಿಯಂದು. ಆಗ ದೆಹಲಿಯ ಆರೋಗ್ಯ ಸಚಿವರಾಗಿದ್ದ ಡಾ. ಹರ್ಷವರ್ಧನ್ ಅದರ ಮುಂದಾಳು. ಮರುವರ್ಷ ಕೇಂದ್ರ ಸರ್ಕಾರ ಅದನ್ನೇ ಇಡೀ ದೇಶಕ್ಕೆ ವಿಸ್ತರಿಸಿತು. 1995ರ ಡಿಸೆಂಬರ್ 9 ಮತ್ತು 1996ರ ಜನವರಿ 20ರಂದು ಮೂರು ವರ್ಷದೊಳಗಿನ 8 ಕೋಟಿಗೂ ಹೆಚ್ಚು ಮಕ್ಕಳಿಗೆ ಹನಿ ಹಾಕಲಾಯಿತು. ಮುಂದೆ ವಯಸ್ಸಿನ ಮಿತಿಯನ್ನು ಐದು ವರ್ಷಕ್ಕೆ ಏರಿಸಲಾಯಿತು.

ಕಾರ್ಯಕ್ರಮ ಪೂರ್ಣ ರೂಪಕ್ಕೆ ಬಂದಾಗ ಒಂದು ರಾಷ್ಟ್ರೀಯ ಸುತ್ತಿನ ಗಾತ್ರ ಹೀಗಿತ್ತು: ಸುಮಾರು 17 ಕೋಟಿ ಮಕ್ಕಳು, 7 ಲಕ್ಷ ಬೂತ್‌ಗಳು, 23 ಲಕ್ಷ ಕಾರ್ಯಕರ್ತರು, ಒಂದೂವರೆ ಲಕ್ಷ ಮೇಲ್ವಿಚಾರಕರು. ಚುನಾವಣೆಯನ್ನು ಬಿಟ್ಟರೆ ಇಷ್ಟು ಜನರನ್ನು ಒಂದೇ ಕೆಲಸಕ್ಕೆ ಹಚ್ಚಿದ ಮತ್ತೊಂದು ಏರ್ಪಾಟು ಈ ದೇಶದಲ್ಲಿ ಸಿಗುವುದು ಕಷ್ಟ. ಚುನಾವಣೆಯಿಂದ ಬಂದ ಹಾಗೆ ಕಾಣುವ ಒಂದು ಪದ್ಧತಿಯೂ ಇಲ್ಲಿದೆ. ಹನಿ ಹಾಕಿಸಿಕೊಂಡ ಮಗುವಿನ ಎಡಗೈಯ ಕಿರುಬೆರಳಿಗೆ ಮಸಿ ಹಚ್ಚುವುದು. ಸುತ್ತು ಮುಗಿದ ಮೇಲೆ ಬೇರೆ ತಂಡದವರು ಬಂದು ಬೀದಿಯಲ್ಲಿ ಆಡುವ ಮಕ್ಕಳ ಬೆರಳು ನೋಡಿ ಕೆಲಸ ನಿಜವಾಗಿ ಆಗಿದೆಯೇ ಎಂದು ಪರೀಕ್ಷಿಸುತ್ತಿದ್ದರು.

ಇದು ಒಂದು ಇಲಾಖೆಯ ಕೈಯಲ್ಲಿ ಆಗುವ ಕೆಲಸವಲ್ಲ. ಬಹುಪಾಲು ಹಣ ಭಾರತ ಸರ್ಕಾರದ್ದು, ನಡೆಸುವ ಹೊಣೆ ರಾಜ್ಯಗಳದು. ರೋಗ ಪತ್ತೆಯ ಜಾಲಕ್ಕೆ ವಿಶ್ವ ಆರೋಗ್ಯ ಸಂಸ್ಥೆ ನೆರವಾಯಿತು. ಜನರ ಮನವೊಲಿಸುವ ಕೆಲಸದಲ್ಲಿ ಯುನಿಸೆಫ್ ನಿಂತಿತು. 1985ರಲ್ಲಿಯೇ ಪೋಲಿಯೊ ವಿರುದ್ಧ ಜಾಗತಿಕ ಆಂದೋಲನ ಆರಂಭಿಸಿದ್ದ ರೋಟರಿ ಸಂಸ್ಥೆ ಹಣದ ಜೊತೆ ಸ್ವಯಂಸೇವಕರನ್ನೂ ಕೊಟ್ಟಿತು. ‘ಎರಡು ಹನಿ’ಯ ಮಾತನ್ನು ಅಮಿತಾಭ್ ಬಚ್ಚನ್ ದೂರದರ್ಶನದ ಮೂಲಕ ಹಳ್ಳಿ ಹಳ್ಳಿಗೆ ಮುಟ್ಟಿಸಿದರು. ಆದರೆ ಕೊನೆಗೆ ಮಗುವಿನ ಬಾಯಿ ತೆರೆಸಿ ಹನಿ ಹಾಕಿದವರು ಅಂಗನವಾಡಿ ಕಾರ್ಯಕರ್ತೆಯರು, ಕಿರಿಯ ಆರೋಗ್ಯ ಸಹಾಯಕಿಯರು, ಶಾಲಾ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು. ನಂತರದ ವರ್ಷಗಳಲ್ಲಿ ಆಶಾ ಕಾರ್ಯಕರ್ತೆಯರೂ ಸೇರಿಕೊಂಡರು.

ಅವರ ಹೆಗಲ ಮೇಲಿನ ನೀಲಿ ಪೆಟ್ಟಿಗೆಯೂ ಸಾಮಾನ್ಯದ್ದಲ್ಲ. ಪೋಲಿಯೊ ಹನಿ ಬಿಸಿಯನ್ನು ಸಹಿಸದು. ದೊಡ್ಡ ದಾಸ್ತಾನು ಮಳಿಗೆಯಲ್ಲಿ ಅದನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಉಷ್ಣತೆಯಲ್ಲಿ ಇಡಬೇಕು. ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್, ಅಲ್ಲಿಂದ ಐಸ್ ಪ್ಯಾಕ್ ತುಂಬಿದ ಪೆಟ್ಟಿಗೆ. ಕರೆಂಟು ಹೋಗುವ, ರಸ್ತೆ ಇಲ್ಲದ ಊರುಗಳಲ್ಲೂ ಈ ತಂಪಿನ ಸರಪಳಿ ಎಲ್ಲಿಯೂ ತುಂಡಾಗಬಾರದು. ಹನಿಯ ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೊಂದು ಚೌಕ ಇರುತ್ತದೆ. ಬಿಸಿ ತಗುಲಿದಂತೆಲ್ಲ ಚೌಕದ ಬಣ್ಣ ಗಾಢವಾಗುತ್ತದೆ. ಅದು ವೃತ್ತದ ಬಣ್ಣಕ್ಕೆ ಸಮನಾದರೆ ಆ ಸೀಸೆಯನ್ನು ಬಳಸುವಂತಿಲ್ಲ. ಹತ್ತನೆಯ ತರಗತಿ ಓದಿದ ಕಾರ್ಯಕರ್ತೆ ಯಾವ ಉಪಕರಣವೂ ಇಲ್ಲದೆ ಲಸಿಕೆ ಕೆಟ್ಟಿದೆಯೇ ಇಲ್ಲವೇ ಎಂದು ತೀರ್ಮಾನಿಸಬಹುದಾದ ಸರಳ ವ್ಯವಸ್ಥೆ ಇದು.

ಪತ್ತೆಯ ಜಾಲ

ಹನಿ ಹಾಕುವುದು ಅರ್ಧ ಕೆಲಸ. ವೈರಸ್ ಎಲ್ಲಿ ಉಳಿದಿದೆ ಎಂದು ತಿಳಿಯುವುದು ಇನ್ನರ್ಧ. ಇದಕ್ಕಾಗಿ 1997ರಲ್ಲಿ ಕೇಂದ್ರ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ರಾಷ್ಟ್ರೀಯ ಪೋಲಿಯೊ ಕಣ್ಗಾವಲು ಯೋಜನೆಯನ್ನು ಸ್ಥಾಪಿಸಿದವು. ಅದರ ನಿಯಮ ಸರಳವಾದದ್ದು. 15 ವರ್ಷದೊಳಗಿನ ಯಾವುದೇ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಸೋತು ಬಿದ್ದರೆ, ಕಾರಣ ಏನೆಂದು ತೋರಿದರೂ ಸರಿ, ವರದಿ ಮಾಡಬೇಕು. ವೈದ್ಯಕೀಯ ಕಾಲೇಜುಗಳು, ಖಾಸಗಿ ವೈದ್ಯರು ಮಾತ್ರವಲ್ಲ, ನಾಟಿ ವೈದ್ಯರೂ ಈ ಜಾಲದಲ್ಲಿ ಇದ್ದರು. ಮಗುವಿನ ಕಾಲು ಸೋತಾಗ ಬಡ ತಾಯಿ ಮೊದಲು ಓಡುವುದು ಅವರ ಹತ್ತಿರವೇ ಎಂಬುದನ್ನು ಯೋಜನೆಯವರು ಮರೆಯಲಿಲ್ಲ.

ವರದಿ ಬಂದ ಮಗುವಿನಿಂದ ಎರಡು ವಾರಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ ಎರಡು ಬಾರಿ ಮಲದ ಮಾದರಿ ಪಡೆದು ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ದೇಶದಲ್ಲಿ ಇಂಥ ಎಂಟು ಪ್ರಯೋಗಾಲಯಗಳ ಜಾಲ ರೂಪುಗೊಂಡಿತು; ಅದರಲ್ಲಿ ಬೆಂಗಳೂರಿನದೂ ಒಂದು. ಮುಂಬಯಿಯ ಎಂಟೆರೊವೈರಸ್ ಸಂಶೋಧನಾ ಕೇಂದ್ರ ಇದರ ತಲೆಮನೆ. ವೈರಸ್ಸಿನ ತಳಿಯ ರಚನೆಯನ್ನು ಓದಿ ಅದು ಯಾವ ಜಿಲ್ಲೆಯಿಂದ ಹೊರಟು ಬಂದದ್ದು ಎಂಬುದನ್ನೂ ಹೇಳಬಹುದಾಗಿತ್ತು. ವೈರಸ್ ಸಿಕ್ಕ ಊರಿನ ಸುತ್ತ ಮತ್ತೆ ಹನಿಯ ಸುತ್ತು ನಡೆಯುತ್ತಿತ್ತು.

2002ರ ಪೆಟ್ಟು

ಆರಂಭದ ಫಲ ಉತ್ಸಾಹ ತರುವಂತಿತ್ತು. ಮೂರು ಬಗೆಯ ಪೋಲಿಯೊ ವೈರಸ್‌ಗಳಲ್ಲಿ ಎರಡನೆಯ ಬಗೆಯದು 1999ರಲ್ಲಿ ಉತ್ತರ ಪ್ರದೇಶದ ಅಲಿಗಢದಲ್ಲಿ ಕೊನೆಯ ಬಾರಿ ಕಂಡು, ಆಮೇಲೆ ಜಗತ್ತಿನ ಎಲ್ಲಿಯೂ ಕಾಣಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ 2002ರಲ್ಲಿ ದೇಶದಲ್ಲಿ 1,600 ಮಕ್ಕಳು ಪೋಲಿಯೊಗೆ ತುತ್ತಾದರು. ಅದರಲ್ಲಿ ಮುಕ್ಕಾಲು ಪಾಲು ಉತ್ತರ ಪ್ರದೇಶದ ಮಕ್ಕಳು.

ಬೆಂಕಿ ಅಲ್ಲಿಗೇ ನಿಲ್ಲಲಿಲ್ಲ. 2003ರಲ್ಲಿ ರೋಗ ಕರ್ನಾಟಕ, ಆಂಧ್ರಪ್ರದೇಶ, ಪಶ್ಚಿಮ ಬಂಗಾಳಗಳಲ್ಲಿ ಮತ್ತೆ ತಲೆಯೆತ್ತಿತು. ಪೋಲಿಯೊ ಹೋಯಿತೆಂದು ನಿಟ್ಟುಸಿರು ಬಿಟ್ಟಿದ್ದ ರಾಜ್ಯಗಳಿವು. ಎಲ್ಲೋ ಗಂಗಾ ಬಯಲಿನ ಒಂದು ಮೊಹಲ್ಲಾದಲ್ಲಿ ಬಿಟ್ಟುಹೋದ ಮಗುವಿಗೂ ನಮ್ಮ ಜಿಲ್ಲೆಯ ಮಗುವಿನ ಕಾಲಿಗೂ ಸಂಬಂಧ ಇದೆ ಎಂಬ ಮಾತು ಅಲ್ಲಿಯವರೆಗೆ ಭಾಷಣದ ಮಾತಾಗಿತ್ತು. ಈಗ ಅದು ಕಣ್ಣೆದುರಿಗೆ ಬಂತು.

ಯಾವ ಮಕ್ಕಳು ಬಿಟ್ಟುಹೋಗಿದ್ದರು ಎಂದು ಹುಡುಕಿದಾಗ ಒಂದು ಚಿತ್ರ ಮೂಡಿತು. ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರು, ಕಟ್ಟಡ ಕೆಲಸಕ್ಕೆ ಊರೂರು ಅಲೆಯುವವರು, ಅಲೆಮಾರಿ ಸಮುದಾಯಗಳವರು, ಪ್ರತಿವರ್ಷ ನೆರೆ ಬರುವ ನದೀತೀರದವರು, ನಗರದ ಅಂಚಿನ ಕೊಳೆಗೇರಿಗಳವರು. ರೇಷನ್ ಕಾರ್ಡಿನ ಪಟ್ಟಿಯಲ್ಲೂ ಇಲ್ಲದ, ಮತದಾರರ ಪಟ್ಟಿಯಲ್ಲೂ ಇಲ್ಲದ ಮನೆಗಳ ಮಕ್ಕಳು. ಸರ್ಕಾರದ ಲೆಕ್ಕಕ್ಕೆ ಸಿಗದವರನ್ನು ವೈರಸ್ ಮಾತ್ರ ತಪ್ಪದೆ ಹುಡುಕಿಕೊಂಡಿತ್ತು.

ಬೇಡ ಎಂದವರ ಮಾತು

ಬಿಟ್ಟುಹೋದವರಲ್ಲಿ ಇನ್ನೊಂದು ಗುಂಪು ‘ಬೇಡ’ ಎಂದವರದು. ಪಶ್ಚಿಮ ಉತ್ತರ ಪ್ರದೇಶದ ಕೆಲವು ಕಡೆ, ವಿಶೇಷವಾಗಿ ಬಡ ಮುಸ್ಲಿಂ ಬಡಾವಣೆಗಳಲ್ಲಿ, ಹನಿ ಹಾಕಿಸಿದರೆ ಮಕ್ಕಳು ಮುಂದೆ ಸಂತಾನಹೀನರಾಗುತ್ತಾರೆ ಎಂಬ ಗಾಳಿಮಾತು ಹಬ್ಬಿತು. ಅದು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಹಿಂದೆ ಒಂದು ನೆನಪೂ ಇತ್ತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳನ್ನು ಕಂಡಿದ್ದ ಜನಕ್ಕೆ ಬಾಗಿಲಿಗೆ ಬಂದ ಸರ್ಕಾರಿ ಆರೋಗ್ಯ ಸಿಬ್ಬಂದಿಯ ಮೇಲೆ ನಂಬಿಕೆ ಹುಟ್ಟುವುದು ಕಷ್ಟವಿತ್ತು.

ನಂಬಿಕೆಗಿಂತ ದೊಡ್ಡದಾದ ಒಂದು ಪ್ರಶ್ನೆಯನ್ನೂ ಜನ ಕೇಳಿದರು. ‘ಕುಡಿಯುವ ನೀರು ಕೇಳಿದರೆ ಯಾರೂ ಬರುವುದಿಲ್ಲ. ಮಗುವಿಗೆ ಭೇದಿಯಾದರೆ ಡಾಕ್ಟರಿಲ್ಲ. ಈ ಹನಿ ಹಾಕಲು ಮಾತ್ರ ತಿಂಗಳು ತಿಂಗಳು ಬಾಗಿಲು ತಟ್ಟುತ್ತೀರಲ್ಲ, ಏಕೆ?’ ಇದಕ್ಕೆ ಭಿತ್ತಿಪತ್ರಗಳಲ್ಲಿ ಉತ್ತರವಿರಲಿಲ್ಲ.

ಉತ್ತರ ಬಂದದ್ದು ಜನರ ನಡುವಿನಿಂದಲೇ. ಅದೇ ಬೀದಿಯ ಹೆಂಗಸರನ್ನು ಆರಿಸಿ ತರಬೇತಿ ಕೊಟ್ಟು ಮನೆ ಮನೆಗೆ ಕಳಿಸಲಾಯಿತು. ಸುತ್ತಿನ ಒಂದೆರಡು ದಿನ ಮಾತ್ರವಲ್ಲದೆ ತಿಂಗಳಿಡೀ ಅವರು ಆ ಮನೆಗಳ ಸಂಪರ್ಕದಲ್ಲಿದ್ದು, ಬಸುರಿಯರ ಆರೈಕೆ, ಎದೆಹಾಲು, ಕೈ ತೊಳೆಯುವುದು, ಬೇರೆ ಲಸಿಕೆಗಳ ಬಗೆಗೂ ಮಾತನಾಡಿದರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾ ಮತ್ತು ಜಾಮಿಯಾ ಹಮ್‌ದರ್ದ್ ವಿಶ್ವವಿದ್ಯಾಲಯಗಳು ಕೈಜೋಡಿಸಿದವು. ಉಲೇಮಾಗಳು ಪತ್ರ ಬರೆದುಕೊಟ್ಟರು, ಮಸೀದಿಗಳ ಧ್ವನಿವರ್ಧಕಗಳಲ್ಲಿ ಹನಿಯ ದಿನದ ಪ್ರಕಟಣೆ ಕೇಳಿಬಂತು. ಸರ್ಕಾರದ ಜೀಪು ಮಾಡಲಾಗದ ಕೆಲಸವನ್ನು ಪಕ್ಕದ ಮನೆಯ ಆಪಾ ಮಾಡಿದಳು. ಗೋಡೆಗಳ ಮೇಲಿನ ‘ಎಕ್ಸ್’ಗಳು ಒಂದೊಂದಾಗಿ ‘ಪಿ’ ಆಗತೊಡಗಿದವು.

ಹನಿಯೇ ಸೋತಾಗ

ಮಕ್ಕಳನ್ನೆಲ್ಲ ತಲುಪಿದ ಮೇಲೂ ಉತ್ತರ ಪ್ರದೇಶ, ಬಿಹಾರಗಳ ಕೆಲವು ಜಿಲ್ಲೆಗಳಲ್ಲಿ ರೋಗ ಮುಂದುವರಿಯಿತು. ಹತ್ತು ಬಾರಿ ಹನಿ ನುಂಗಿದ ಮಗುವೂ ಕಾಲು ಕಳೆದುಕೊಂಡ ಉದಾಹರಣೆಗಳು ಸಿಕ್ಕವು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಲೆಕ್ಕ ಕೊಟ್ಟಿತು. ಮೂರೂ ಬಗೆಯ ವೈರಸ್‌ಗಳ ವಿರುದ್ಧದ ಹನಿ, ಒಂದನೆಯ ಬಗೆಯ ವೈರಸ್ ವಿರುದ್ಧ ಒಂದು ಬಾರಿಗೆ ಕೊಡುವ ರಕ್ಷಣೆ ದೇಶದ ಇತರೆಡೆ ಸುಮಾರು ಶೇ 21 ಇದ್ದರೆ ಉತ್ತರ ಪ್ರದೇಶದಲ್ಲಿ ಶೇ 9ರಷ್ಟು ಮಾತ್ರ. ಕಿಕ್ಕಿರಿದ ಜನ, ಬಯಲಿನ ಮಲ, ಎಡೆಬಿಡದ ಭೇದಿ. ವೆಲ್ಲೂರಿನ ಪಾಠವೇ ಇಲ್ಲಿ ಇನ್ನೂ ಕಟುವಾಗಿ ಎದುರು ನಿಂತಿತು. ತಿಂಗಳಿಗೆ ಸುಮಾರು 5 ಲಕ್ಷ ಮಕ್ಕಳು ಹುಟ್ಟುವ ಆ ರಾಜ್ಯದಲ್ಲಿ ವೈರಸ್ಸಿಗೆ ಹೊಸ ಮನೆಗಳ ಕೊರತೆ ಇರಲಿಲ್ಲ.

ಆದ್ದರಿಂದ ಮದ್ದನ್ನೇ ಬದಲಿಸಬೇಕಾಯಿತು. 2005ರಿಂದ ಒಂದೇ ಬಗೆಯ ವೈರಸ್ ವಿರುದ್ಧದ ಹನಿ ಬಳಕೆಗೆ ಬಂತು. ಪೈಪೋಟಿ ಇಲ್ಲದ ಕಾರಣ ಅದರ ಪರಿಣಾಮ ಹೆಚ್ಚು. 2010ರ ಆರಂಭದಲ್ಲಿ ಒಂದು ಮತ್ತು ಮೂರನೆಯ ಬಗೆಗಳೆರಡರ ವಿರುದ್ಧದ ಹೊಸ ಹನಿ ಬಂತು. ಜೊತೆಗೆ ಎರಡೂ ರಾಜ್ಯಗಳಲ್ಲಿ ಅತಿ ಹೆಚ್ಚು ಅಪಾಯದ 107 ಬ್ಲಾಕ್‌ಗಳನ್ನು ಗುರುತಿಸಿ, ಅಲ್ಲಿ ಹನಿಯೊಂದಿಗೆ ಶುದ್ಧ ನೀರು, ಶೌಚಾಲಯ, ಭೇದಿಗೆ ಓಆರ್‌ಎಸ್ ಮತ್ತು ಸತುವಿನ ಮಾತ್ರೆಗಳತ್ತಲೂ ಗಮನ ಕೊಡಲಾಯಿತು. ನೀರು ಕೇಳಿದ್ದ ಜನರ ಪ್ರಶ್ನೆ ತಡವಾಗಿಯಾದರೂ ಯೋಜನೆಯ ಕಡತಕ್ಕೆ ಸೇರಿತು.

ಬಿಹಾರದ ಕೋಸಿ ನದಿಯ ಬಯಲಿನಲ್ಲಿ ದೋಣಿ ಹತ್ತಿ, ಕೆಸರಲ್ಲಿ ನಡೆದು ಕಾರ್ಯಕರ್ತರು ನಡುಗಡ್ಡೆಗಳನ್ನು ತಲುಪಿದರು. ರೈಲು ನಿಲ್ದಾಣ, ಬಸ್ ನಿಲ್ದಾಣ, ಜಾತ್ರೆ ಸಂತೆಗಳಲ್ಲಿ ತಂಡಗಳು ನಿಂತು ಪ್ರಯಾಣದಲ್ಲಿರುವ ಮಕ್ಕಳಿಗೆ ಹನಿ ಹಾಕಿದವು. ಕರ್ನಾಟಕದಲ್ಲಿಯೂ ಕಟ್ಟಡ ಕಾರ್ಮಿಕರ ಶೆಡ್ಡುಗಳು, ಕಬ್ಬು ಕಡಿಯುವವರ ಬಿಡಾರಗಳು, ಇಟ್ಟಿಗೆ ಗೂಡುಗಳಿಗೆ ಸಂಚಾರಿ ತಂಡಗಳು ಹೋಗುವುದು ವಾಡಿಕೆಯಾಯಿತು. ನಮ್ಮ ರಾಜ್ಯದ ಕೊನೆಯ ಪ್ರಕರಣ 2007ರದು.

ಅರವತ್ತು ಸಾವಿರದಲ್ಲಿ ಒಂದು

2009ರಲ್ಲಿ ಭಾರತದಲ್ಲಿ 741 ಪ್ರಕರಣಗಳಿದ್ದವು. ಇಡೀ ಜಗತ್ತಿನ ಪ್ರಕರಣಗಳಲ್ಲಿ ಅದು ಹತ್ತಿರ ಹತ್ತಿರ ಅರ್ಧ. ಪೋಲಿಯೊ ಕಟ್ಟಕಡೆಗೆ ಉಳಿಯುವ ದೇಶ ಭಾರತವೇ ಎಂದು ಅನೇಕ ತಜ್ಞರು ನಂಬಿದ್ದರು. ಮರುವರ್ಷ ಆ ಸಂಖ್ಯೆ 42ಕ್ಕೆ ಇಳಿಯಿತು. 2011ರಲ್ಲಿ ಒಂದು. ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣು ಮಗುವಿಗೆ ಆ ವರ್ಷದ ಜನವರಿ 13ರಂದು ಕಾಣಿಸಿಕೊಂಡದ್ದೇ ದೇಶದ ಕೊನೆಯ ಪ್ರಕರಣ.

ಆ ವರ್ಷ ದೇಶದಾದ್ಯಂತ ಕೈಕಾಲು ಸೋತ ಸುಮಾರು 60 ಸಾವಿರ ಮಕ್ಕಳ ವರದಿ ಬಂದಿತ್ತು. ಎಲ್ಲರ ಮಾದರಿಗಳನ್ನೂ ಪರೀಕ್ಷಿಸಿದಾಗ ಪೋಲಿಯೊ ಕಂಡದ್ದು ಒಂದರಲ್ಲಿ. ‘ಪೋಲಿಯೊ ಇಲ್ಲ’ ಎಂದು ಹೇಳಲು ಎಷ್ಟು ಹುಡುಕಬೇಕು ಎಂಬುದಕ್ಕೆ ಈ ಲೆಕ್ಕ ಸಾಕ್ಷಿ. 2012ರ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪೋಲಿಯೊ ನೆಲೆಸಿದ ದೇಶಗಳ ಪಟ್ಟಿಯಿಂದ ಭಾರತದ ಹೆಸರನ್ನು ತೆಗೆಯಿತು. ಮೂರು ವರ್ಷ ಹೊಸ ಪ್ರಕರಣ ಕಾಣದ ಮೇಲೆ, 2014ರ ಮಾರ್ಚ್ 27ರಂದು ಭಾರತವೂ ಸೇರಿ ಆಗ್ನೇಯ ಏಷ್ಯಾ ವಲಯದ 11 ದೇಶಗಳಿಗೆ ಪೋಲಿಯೊ ಮುಕ್ತ ಪ್ರಮಾಣಪತ್ರ ದೊರೆಯಿತು.

ಇನ್ನೊಂದು ಮಗ್ಗುಲು

ಈ ಗೆಲುವಿಗೆ ಬೆಲೆಯೂ ಇತ್ತು. ಹನಿಯ ಸುತ್ತುಗಳು ಹೆಚ್ಚಿದಂತೆ ಆರೋಗ್ಯ ಸಿಬ್ಬಂದಿಯ ದಿನಗಳೆಲ್ಲ ಅದಕ್ಕೇ ಮೀಸಲಾಗಿ, ಮಾಮೂಲು ಲಸಿಕೆಗಳ ಕೆಲಸ ಹಿಂದೆ ಬಿತ್ತು ಎಂದು ವೈದ್ಯರೇ ಟೀಕಿಸಿದರು. ಅಂಕಿಅಂಶ ಅವರ ಮಾತಿಗೆ ಪುಷ್ಟಿ ಕೊಡುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಎಲ್ಲ ಮೂಲ ಲಸಿಕೆಗಳನ್ನೂ ಪಡೆದ ಮಕ್ಕಳ ಪ್ರಮಾಣ 1998-99ರಲ್ಲಿ ಶೇ 42 ಇದ್ದದ್ದು, 2005-06ರಲ್ಲಿ ಶೇ 43.5 ಮಾತ್ರ ಆಗಿತ್ತು. ಪೋಲಿಯೊದಿಂದ ಪಾರಾದ ಮಗು ದಡಾರದಿಂದ ಸತ್ತರೆ ತಾಯಿಗೆ ಏನು ಸಮಾಧಾನ?

ಇನ್ನೊಂದು ಕಹಿ ಸತ್ಯ ಹನಿಯದೇ. ಅದರಲ್ಲಿರುವುದು ಜೀವಂತ ವೈರಸ್. ತೀರಾ ಅಪರೂಪವಾಗಿ ಅದೇ ಮಗುವಿಗೆ ಪಾರ್ಶ್ವವಾಯು ತರಬಹುದು. ಲಸಿಕೆ ಕಡಿಮೆ ಇರುವ ಊರುಗಳಲ್ಲಿ ಬಹುಕಾಲ ಹರಿದಾಡಿದರೆ ರೂಪ ಬದಲಿಸಿ ಮತ್ತೆ ಬಲ ಪಡೆಯಬಹುದು. ಈ ಕಾರಣದಿಂದಲೇ 2015ರ ನವೆಂಬರ್‌ನಿಂದ ಭಾರತ ಚುಚ್ಚುಮದ್ದಿನ ಪೋಲಿಯೊ ಲಸಿಕೆಯನ್ನೂ ಸೇರಿಸಿಕೊಂಡಿತು. 2016ರ ಏಪ್ರಿಲ್‌ನಲ್ಲಿ ಎರಡನೆಯ ಬಗೆಯ ವೈರಸ್ಸನ್ನು ಹನಿಯಿಂದ ತೆಗೆದುಹಾಕಲಾಯಿತು. ಆದರೂ 2024ರಲ್ಲಿ ಮೇಘಾಲಯದ ಪಶ್ಚಿಮ ಗಾರೊ ಬೆಟ್ಟಗಳ ಜಿಲ್ಲೆಯಲ್ಲಿ ಲಸಿಕೆ ಮೂಲದ ವೈರಸ್ಸಿನಿಂದ ಒಂದು ಮಗು ಪೋಲಿಯೊಗೆ ತುತ್ತಾಯಿತು. ಕಾಡು ವೈರಸ್ ಪಕ್ಕದ ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನಗಳಲ್ಲಿ ಇನ್ನೂ ಉಳಿದಿದೆ. ರೋಗವೇ ಇಲ್ಲದ ಮೇಲೆ ಹನಿ ಏಕೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಆದರೆ ಪೋಲಿಯೊಗಾಗಿ ಕಟ್ಟಿದ ಜಾಲ ವ್ಯರ್ಥವಾಗಲಿಲ್ಲ. 2014ರ ಡಿಸೆಂಬರ್‌ನಲ್ಲಿ ಆರಂಭವಾದ ‘ಇಂದ್ರಧನುಷ್’ ಯೋಜನೆ ಲಸಿಕೆಯೇ ಸಿಗದ, ಅರ್ಧಕ್ಕೆ ಬಿಟ್ಟ ಮಕ್ಕಳನ್ನು ಹುಡುಕಲು ಅದೇ ಪಟ್ಟಿ, ಅದೇ ಮನೆ ಭೇಟಿಯ ಕ್ರಮವನ್ನು ಬಳಸಿಕೊಂಡಿತು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಆಂದೋಲನ ಮೊದಲ ಹಂತದಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ನಡೆದಾಗ, 9 ತಿಂಗಳ ಕೂಸಿನಿಂದ 15 ವರ್ಷದೊಳಗಿನ ಹೈಸ್ಕೂಲು ವಿದ್ಯಾರ್ಥಿಗಳವರೆಗೆ ಎಲ್ಲರೂ ಅದರ ವ್ಯಾಪ್ತಿಗೆ ಬಂದರು. 2019-21ರ ಸಮೀಕ್ಷೆಯಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳ ಪ್ರಮಾಣ ದೇಶದಲ್ಲಿ ಶೇ 76ಕ್ಕೆ, ಕರ್ನಾಟಕದಲ್ಲಿ ಶೇ 84ಕ್ಕೆ ಏರಿದೆ.

ಶೇ 84 ಎಂದರೆ ಒಳ್ಳೆಯ ಅಂಕವೇ. ಆದರೆ ಪೋಲಿಯೊ ಕಲಿಸಿದ ಲೆಕ್ಕದಲ್ಲಿ ನೋಡಬೇಕಾದದ್ದು ಉಳಿದ 16ನ್ನು. ಆ ಮಕ್ಕಳು ಯಾವ ಊರಿನವರು, ಯಾವ ಶೆಡ್ಡಿನಲ್ಲಿದ್ದಾರೆ, ಅವರ ಮನೆಯವರು ಏನು ಹೇಳಿದರು ಎಂದು ಕೇಳಿಕೊಂಡು ಹೋಗುವವರು ಬೇಕು. ಕೆಲಸ ಮುಗಿಸಿ ಸಂಜೆ ಹಿಂದಿರುಗುವ ಕಾರ್ಯಕರ್ತೆ ‘ಎಕ್ಸ್’ ಬರೆದ ಮನೆಯ ಮುಂದೆ ನಿಂತು, ನಾಳೆ ಬೆಳಿಗ್ಗೆ ಇಲ್ಲಿಗೆ ಮತ್ತೆ ಬರಬೇಕು ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾಳೆ. ದೇಶ ಪೋಲಿಯೊ ಗೆದ್ದದ್ದು ಆ ಮರುದಿನದ ಭೇಟಿಯಿಂದ.